ಕೈಯಾಡೋದಕ್ಕೂ ಲೆಕ್ಕ: ಕ್ಯಾಮೆರಾ ಅಳೀತಿರೋದು ಕೆಲಸಾನಾ, ಕೆಲಸ ಮಾಡೋರನ್ನಾ?

2025ರ ಫೆಬ್ರವರಿಲಿ ಒಂದು ಡೆಮೊ ವಿಡಿಯೋ ಎಲ್ಲ ಕಡೆ ಓಡಾಡ್ತು. ಅಮೆರಿಕದ ವೈ ಕಾಂಬಿನೇಟರ್ ಅನ್ನೋ ಹೆಸರುವಾಸಿ ಹೂಡಿಕೆ ಸಂಸ್ಥೆ ದುಡ್ಡು ಹಾಕಿದ್ದ ಒಂದು ಸ್ಟಾರ್ಟಪ್ ಮಾಡಿದ್ದ ವಿಡಿಯೋ ಅದು. ಫ್ಯಾಕ್ಟರಿ ಲೈನ್ ಮೇಲೆ ಕ್ಯಾಮೆರಾ ಇಟ್ಟು, ಯಾರ ಕೈ ಎಷ್ಟು ಬೇಗ ಓಡ್ತಿದೆ ಅಂತ ಎಐ ಕೈಲಿ ಲೆಕ್ಕ ಹಾಕಿಸಿ, ಹಿಂದೆ ಬಿದ್ದವರು ಯಾರು ಅಂತ ಮಾಲೀಕನ ಸ್ಕ್ರೀನ್‌ಗೆ ಕಳ್ಸೋ ಸಾಫ್ಟ್‌ವೇರ್. ಅದರಲ್ಲಿ ಮಾಲೀಕನ ಪಾತ್ರ ಮಾಡಿದೋನು ಸೂಪರ್‌ವೈಸರ್‌ನ ಹಿಡ್ಕೊಂಡು "ನಂಬರ್ 17" ಯಾಕೆ ಇಷ್ಟು ನಿಧಾನ ಅಂತ ಕೇಳ್ತಾನೆ. ಹೆಸರಿಲ್ಲ, ಬರೀ ನಂಬರ್. ಜನ ಸಿಕ್ಕಾಪಟ್ಟೆ ಬೈದ್ರು, ಪೋಸ್ಟ್ ಡಿಲೀಟ್ ಆಯ್ತು.

ಆದ್ರೆ ಆಮೇಲೆ ನಡೆದ ಚರ್ಚೆ ನೋಡಿದೋರಿಗೆ ತಲೆ ಕೆಟ್ಟಿರುತ್ತೆ. ಒಂದು ಕಡೆ "ಇದು ಗುಲಾಮಗಿರಿ" ಅಂತಾರೆ, ಇನ್ನೊಂದು ಕಡೆ ಇಂಜಿನಿಯರ್‌ಗಳು "ಇದ್ರಲ್ಲೇನು ಹೊಸದಿದೆ, ನೂರು ವರ್ಷದಿಂದ ಎಲ್ಲ ಫ್ಯಾಕ್ಟರಿಲೂ ಟೈಮ್ ಸ್ಟಡಿ (ಯಾವ ಕೆಲಸಕ್ಕೆ ಎಷ್ಟೊತ್ತು ಹಿಡಿಯುತ್ತೆ ಅಂತ ಅಳೆಯೋದು) ಮಾಡ್ತಾನೇ ಇದ್ದಾರೆ, ಪಠ್ಯಪುಸ್ತಕದಲ್ಲೇ ಇದೆ" ಅಂತಾರೆ. ಇಬ್ರು ಹೇಳೋದ್ರಲ್ಲೂ ಅರ್ಧ ನಿಜ ಇದೆ, ಅದಕ್ಕೇ ಗೊಂದಲ. ಕೆಲಸದ ಚಲನೆಗಳನ್ನ ಬಿಡಿಸಿ ಬರೆಯೋ ವಿದ್ಯೆ ಹಳೇದು ಹೌದು, ತುಂಬಾ ಉಪಯೋಗದ್ದೂ ಹೌದು. ಆದ್ರೆ ಆ ವಿದ್ಯೆ ಹುಟ್ಟಿದಾಗಿಂದ ಅದಕ್ಕೆ ಎರಡು ಮುಖ ಇತ್ತು, ಈಗಿನ ಕ್ಯಾಮೆರಾಗಳು ಅದ್ರಲ್ಲಿ ಒಂದನ್ನ ಮಾತ್ರ ಎತ್ಕೊಂಡು ಬರ್ತಿವೆ. ಯಾವ್ದನ್ನ ಅಂತ ಗೊತ್ತಾಗ್ಬೇಕು ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಚಾರ್ಟ್ ಹಾಕೋದು ಅಂದ್ರೆ ಏನು

ಒಬ್ರು ಟೇಬಲ್ ಮುಂದೆ ಕೂತು ಬೋಲ್ಟ್‌ಗೆ ವಾಷರ್ ಹಾಕಿ ನಟ್ ತಿರುಗಿಸ್ತಿದ್ದಾರೆ ಅಂದ್ಕೊಳ್ಳಿ. ಸುಮ್ನೆ ನೋಡಿದ್ರೆ "ಜೋಡಿಸ್ತಿದ್ದಾರೆ" ಅಷ್ಟೇ ಕಾಣೋದು. ಚಾರ್ಟ್ ಹಾಕೋರು ಹಾಳೇನ ಎರಡು ಭಾಗ ಮಾಡಿ ಒಂದು ಕಡೆ ಎಡಗೈ, ಇನ್ನೊಂದು ಕಡೆ ಬಲಗೈ ಅಂತ ಬರೀತಾರೆ. ಎಡಗೈ ಬೋಲ್ಟ್ ಡಬ್ಬಿ ಕಡೆ ಹೋಯ್ತು, ಹುಡುಕ್ತು, ಹಿಡೀತು, ತಂತು. ಅಷ್ಟೊತ್ತು ಬಲಗೈ ಸುಮ್ನಿತ್ತು. ಈಗ ಬಲಗೈ ವಾಷರ್ ಕಡೆ ಹೋಯ್ತು, ಎಡಗೈ ಬೋಲ್ಟ್ ಹಿಡ್ಕೊಂಡೇ ಇದೆ. ಬಲಗೈ ನಟ್ ತಂತು, ತಿರುಗಿಸ್ತು, ಎಡಗೈ ಇನ್ನೂ ಹಿಡ್ಕೊಂಡೇ ಇದೆ.

ಹೀಗೆ ಸಾಲಾಗಿ ಬರೆದಾಗ ಕಣ್ಣಿಗೆ ಹೊಡೆಯೋ ವಿಷಯ ಏನಪ್ಪಾ ಅಂದ್ರೆ, ಒಂದು ಕೈ ಪೂರ್ತಿ ಹೊತ್ತು ಬರೀ ಹಿಡ್ಕೊಳ್ಳೋ ಕೆಲಸಾನೇ ಮಾಡ್ತಿದೆ, ಅಂದ್ರೆ ಮನುಷ್ಯನ ಕೈನ ಕ್ಲ್ಯಾಂಪ್ ತರ ಬಳಸ್ತಿದ್ದೀವಿ. ಒಂದು ಚಿಕ್ಕ ಫಿಕ್ಸ್ಚರ್ ಮಾಡ್ಸಿ ಬೋಲ್ಟ್‌ನ ಅದ್ರಲ್ಲಿ ನಿಲ್ಲಿಸಿದ್ರೆ ಎರಡೂ ಕೈ ಒಟ್ಟಿಗೆ ಎರಡು ಪೀಸ್ ಜೋಡಿಸ್ಬಹುದು. "ಹುಡುಕ್ತು" ಅನ್ನೋದು ಪ್ರತಿ ಸಲ ಬರ್ತಿದ್ರೆ ಡಬ್ಬಿಯ ಆಕಾರ ಸರಿಯಿಲ್ಲ ಅಂತ ಅರ್ಥ, ಇಳಿಜಾರಿನ ಡಬ್ಬಿ ಇಟ್ರೆ ಸಾಮಾನು ತಾನೇ ಕೈ ಹತ್ರ ಜಾರಿ ಬರುತ್ತೆ. ಇಲ್ಲಿ ಯಾರಿಗೂ ಬೇಗ ಮಾಡು ಅಂತ ಹೇಳಿಲ್ಲ ನೋಡಿ. ಕೈಯ ವೇಗ ಅಷ್ಟೇ ಇದೆ, ದಂಡದ ಚಲನೆ ಹೋಗಿದೆ, ಅದಕ್ಕೇ ಪೀಸ್ ಜಾಸ್ತಿ ಬರ್ತಿವೆ.

ಇಡೀ ಫ್ಯಾಕ್ಟರಿ ಮಟ್ಟದಲ್ಲಿ ಇದೇ ಕೆಲಸಕ್ಕೆ ಪ್ರೋಸೆಸ್ ಚಾರ್ಟ್ ಅಂತ ಇದೆ. ಅದ್ರಲ್ಲಿ ಐದೇ ಚಿಹ್ನೆ: ಕೆಲಸಕ್ಕೆ ವೃತ್ತ, ಸಾಗಾಟಕ್ಕೆ ಬಾಣ, ತಪಾಸಣೆಗೆ ಚೌಕ, ಕಾಯೋದಕ್ಕೆ ಇಂಗ್ಲಿಷಿನ ಡಿ ಅಕ್ಷರದ ಆಕಾರ, ದಾಸ್ತಾನಿಗೆ ತಲೆಕೆಳಗಾದ ತ್ರಿಕೋನ. ಹಾಳೆ ತುಂಬಾ ಬಾಣ ಮತ್ತೆ ಡಿ ಕಂಡ್ರೆ ಸಮಸ್ಯೆ ಕೆಲಸಗಾರರದ್ದಲ್ಲ, ಜಾಗ ಜೋಡಿಸಿರೋ ರೀತಿದು ಅಂತ ಗೊತ್ತಾಗುತ್ತೆ.

ಗಡಿಯಾರ ಹಿಡಿದೋರು, ಫಿಲ್ಮ್ ಹಿಡಿದೋರು

ಎರಡು ಮುಖ ಅಂದ್ನಲ್ಲ, ಅದು ಶುರುವಾಗಿದ್ದು ಇಲ್ಲಿಂದ. ಒಬ್ರು ಅಮೆರಿಕದ ಇಂಜಿನಿಯರ್ ಫ್ರೆಡ್ರಿಕ್ ಟೇಲರ್ (1856–1915). ಸ್ಟಾಪ್‌ವಾಚ್ ಹಿಡಿದು ಕೆಲಸನ ತುಂಡು ತುಂಡು ಮಾಡಿ ಟೈಮ್ ನೋಡಿ, "ಇಷ್ಟೊತ್ತಲ್ಲಿ ಇಷ್ಟು ಆಗ್ಬೇಕು" ಅಂತ ಗುರಿ ಇಡೋದು ಅವ್ರ ದಾರಿ. ಬೆತ್ಲೆಹೆಮ್ ಸ್ಟೀಲ್ ಅನ್ನೋ ಉಕ್ಕಿನ ಕಂಪನಿಲಿ ಕಬ್ಬಿಣದ ಗಟ್ಟಿ ಹೊರೋರು ದಿನಕ್ಕೆ ಹನ್ನೆರಡೂವರೆ ಟನ್ ಹೊರ್ತಿದ್ದಿದ್ದು ನಲವತ್ತೇಳೂವರೆ ಟನ್‌ಗೆ ಏರಿತು, ಕೂಲಿ 1.15 ಡಾಲರ್‌ನಿಂದ 1.85ಕ್ಕೆ ಏರಿತು ಅಂತ ಅವ್ರೇ ಬರ್ಕೊಂಡಿದ್ದಾರೆ. ಲೆಕ್ಕ ಮಾಡಿ ನೋಡಿ, ಹೊರೋದು ಹೆಚ್ಚುಕಮ್ಮಿ ನಾಲ್ಕು ಪಟ್ಟಾಯ್ತು, ಕೂಲಿ ಶೇ 60ರಷ್ಟು ಏರಿತು. ಈ ಲೆಕ್ಕದ ಬಗ್ಗೆ ಇತಿಹಾಸಕಾರರು ಇವತ್ತಿಗೂ ಜಗಳ ಆಡ್ತಾರೆ, ಅದಿರಲಿ.

ಇನ್ನೊಂದು ಕಡೆ ಫ್ರ್ಯಾಂಕ್ ಗಿಲ್ಬ್ರೆತ್ (1868–1924), ಲಿಲಿಯನ್ ಗಿಲ್ಬ್ರೆತ್ (1878–1972) ದಂಪತಿ. ಫ್ರ್ಯಾಂಕ್ ಶುರು ಮಾಡಿದ್ದು ಇಟ್ಟಿಗೆ ಕಟ್ಟೋ ಕೆಲಸದಿಂದ. ಒಂದು ಇಟ್ಟಿಗೆ ಇಡೋಕೆ 18 ಚಲನೆ ಆಗ್ತಿತ್ತು, ಅದನ್ನ 5ಕ್ಕೆ ಇಳಿಸಿದ್ರು, ಗಂಟೆಗೆ 120 ಇಟ್ಟಿಗೆ ಇದ್ದಿದ್ದು 350ಕ್ಕೆ ಹೋಯ್ತು. ಹೇಗೆ? ಗೋಡೆ ಏರಿದ ಹಾಗೆ ಏರೋ ಅಟ್ಟಣಿಗೆ ಮಾಡ್ಸಿದ್ರು, ಇಟ್ಟಿಗೆ ಎತ್ತೋಕೆ ಪ್ರತಿ ಸಲ ಬಗ್ಗೋದು ತಪ್ಪಿತು. ಇಟ್ಟಿಗೆಯ ಒಳ್ಳೇ ಮುಖ ಹೊರಗೆ ಬರೋ ಹಾಗೆ ಮೊದಲೇ ಜೋಡಿಸಿ ಕೊಡ್ಸಿದ್ರು, ಕೈಯಲ್ಲಿ ತಿರುಗಿಸಿ ನೋಡೋದು ತಪ್ಪಿತು. ಗಾರೆಯ ಹದ ಸರಿ ಇಟ್ರು, ಕರಣೆಲಿ ಕುಟ್ಟೋದೂ ತಪ್ಪಿತು. ಇದ್ರಲ್ಲಿ ಒಂದಾದ್ರೂ ಕೆಲಸಗಾರನ ಸೋಮಾರಿತನದ ವಿಷಯ ಇದ್ಯಾ?

ಆಮೇಲೆ ಅವ್ರು ಸಿನಿಮಾ ಕ್ಯಾಮೆರಾ ತಂದ್ರು, ಫ್ರೇಮ್ ಒಳಗೇ ಒಂದು ನಿಮಿಷದ ಎರಡು ಸಾವಿರದ ಒಂದು ಭಾಗ ತೋರಿಸೋ ಗಡಿಯಾರ ಇಟ್ರು. ಬೆರಳಿಗೆ ಚಿಕ್ಕ ಬಲ್ಬ್ ಕಟ್ಟಿ, ಕ್ಯಾಮೆರಾ ತೆರೆದೇ ಇಟ್ಟು ಫೋಟೋ ತೆಗೆದ್ರು, ಕೈ ಹೋದ ದಾರಿ ಬೆಳಕಿನ ಗೆರೆಯಾಗಿ ಬಂತು. ಚಲನೆಗಳನ್ನ ಹುಡುಕು, ಹಿಡಿ, ಸಾಗಿಸು, ಜೋಡಿಸು ಅಂತ ಹದಿನೇಳು ಹದಿನೆಂಟು ಮೂಲ ತುಂಡುಗಳಾಗಿ ವಿಂಗಡಿಸಿ ಅದಕ್ಕೆ ಥರ್ಬ್ಲಿಗ್ ಅಂತ ಹೆಸರಿಟ್ರು. ಆ ಪಟ್ಟಿಯಲ್ಲಿ ದಣಿವಾರಿಸ್ಕೊಳ್ಳೋ ವಿಶ್ರಾಂತಿನೂ ಒಂದು ಅನ್ನೋದು ಗಮನಿಸ್ಬೇಕಾದ ಮಾತು. ಇದಕ್ಕೆ ಮನಶ್ಶಾಸ್ತ್ರ ಓದಿದ್ದ ಲಿಲಿಯನ್ ಅವ್ರ ಪ್ರಭಾವ ದೊಡ್ಡದು. ದಣಿವಿನ ಬಗ್ಗೇನೇ 1916ರಲ್ಲಿ ದಂಪತಿ ಸೇರಿ ಬೇರೆ ಪುಸ್ತಕ ಬರೆದ್ರು. ಸ್ಟಾಪ್‌ವಾಚ್ ಪದ್ಧತಿ ಸರಿಯಿಲ್ಲ ಅಂತ ಟೇಲರ್ ಕಡೆಯೋರ ಜೊತೆ ಬಹಿರಂಗವಾಗೇ ಕಿತ್ತಾಡಿದ್ರು ಕೂಡ.

ಹಾಗಂತ ಗಿಲ್ಬ್ರೆತ್‌ಗಳು ಕಾರ್ಮಿಕರ ದೇವ್ರು ಏನಲ್ಲ, ಅವ್ರಿಗೂ ಸಂಬಳ ಕೊಡ್ತಿದ್ದಿದ್ದು ಮಾಲೀಕರೇ. ಆದ್ರೂ ಕೇಳ್ತಿದ್ದ ಪ್ರಶ್ನೆ ಬೇರೆ. ಒಂದು ದಾರಿ "ಈ ಕೆಲಸದಲ್ಲಿ ಯಾವ ಚಲನೆ ಬೇಡ" ಅಂತ ಕೇಳುತ್ತೆ, ಇನ್ನೊಂದು "ಈ ಮನುಷ್ಯ ಯಾಕೆ ತಡ" ಅಂತ ಕೇಳುತ್ತೆ. ಫ್ಯಾಕ್ಟರಿಗಳಲ್ಲಿ ಎರಡನ್ನೂ ಸೇರಿಸಿ ವರ್ಕ್ ಸ್ಟಡಿ ಅಂತ ಒಂದೇ ಹೆಸರಲ್ಲಿ ಕರೆದ್ರಿಂದ ಇವತ್ತಿಗೂ ಬಿಡಿಸಿ ನೋಡೋದು ಕಷ್ಟ ಆಗಿದೆ.

ಟಾರ್ಗೆಟ್ ಎಲ್ಲಿಂದ ಬರುತ್ತೆ

ಇದನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು, ಯಾಕಂದ್ರೆ ಟಾರ್ಗೆಟ್ ಅನ್ನೋದು ವಿಜ್ಞಾನದ ನಂಬರ್, ಅದನ್ನ ಪ್ರಶ್ನೆ ಮಾಡಂಗಿಲ್ಲ ಅಂತ ಎಷ್ಟೋ ಜನ ನಂಬಿದ್ದಾರೆ.

ಲೆಕ್ಕ ಹೀಗಿರುತ್ತೆ. ಒಂದು ಪೀಸ್‌ಗೆ ಸರಾಸರಿ 0.50 ನಿಮಿಷ ಹಿಡೀತು ಅಂತ ಸ್ಟಾಪ್‌ವಾಚ್ ಹೇಳ್ತು ಅಂದ್ಕೊಳ್ಳಿ. ಈಗ ನೋಡ್ತಿರೋ ಇಂಜಿನಿಯರ್ ಒಂದು ರೇಟಿಂಗ್ ಕೊಡ್ಬೇಕು, ಅಂದ್ರೆ ಈ ಕೆಲಸಗಾರ ಮಾಮೂಲಿ ವೇಗದಲ್ಲಿದ್ನಾ, ಜಾಸ್ತಿ ಚುರುಕಾಗಿದ್ನಾ ಅಂತ. "ಸ್ವಲ್ಪ ಚುರುಕೇ ಇದ್ದ, 110" ಅಂದ್ರೆ ನಾರ್ಮಲ್ ಟೈಮ್ 0.55 ನಿಮಿಷ. ಅದಕ್ಕೆ ದಣಿವು, ನೀರು ಕುಡಿಯೋದು, ಶೌಚಕ್ಕೆ ಹೋಗೋದು, ಸಣ್ಣಪುಟ್ಟ ಅಡಚಣೆ ಅಂತ ಶೇ 15 ಅಲೋಯನ್ಸ್, ಅಂದ್ರೆ ಹೆಚ್ಚುವರಿ ಟೈಮ್ ಸೇರಿಸಿದ್ರೆ ಸುಮಾರು 0.63 ನಿಮಿಷ. ಎಂಟು ಗಂಟೆ ಅಂದ್ರೆ 480 ನಿಮಿಷದ ಶಿಫ್ಟ್‌ಗೆ ಸುಮಾರು 759 ಪೀಸ್. ಇದೇ ಟಾರ್ಗೆಟ್.

ಅದೇ ಇಂಜಿನಿಯರ್ "ಇಲ್ಲ, ಇದು ಮಾಮೂಲಿ ವೇಗಾನೇ, 100" ಅಂದಿದ್ರೆ? 0.50ಕ್ಕೆ ಶೇ 15 ಸೇರಿಸಿದ್ರೆ 0.575, ಶಿಫ್ಟ್‌ಗೆ ಸುಮಾರು 835 ಪೀಸ್. ಕೈ ಅದೇ, ಕೆಲಸ ಅದೇ, ವಾಚ್ ತೋರಿಸಿದ್ದೂ ಅದೇ, ಒಬ್ರ ಅಂದಾಜು ಹತ್ತು ಅಂಕ ಅತ್ತಿತ್ತ ಆಗಿದ್ದಕ್ಕೆ ದಿನಕ್ಕೆ 76 ಪೀಸ್ ವ್ಯತ್ಯಾಸ. ಅಲೋಯನ್ಸ್‌ನ ಶೇ 15ರಿಂದ 10ಕ್ಕೆ ಇಳಿಸಿದ್ರೆ ಮೊದಲ್ನೇ ಲೆಕ್ಕದ 759 ಕೂಡ 793 ಆಗುತ್ತೆ, ಆ 34 ಪೀಸ್ ಬಂದಿದ್ದು ಯಾರದೋ ನೀರು ಕುಡಿಯೋ ಟೈಮಿಂದ.

ಈ ಅಂದಾಜಿನ ತಲೆನೋವು ತಪ್ಪಿಸೋಕೆ ಅಂತಾನೇ 1948ರಲ್ಲಿ ಎಂಟಿಎಂ (ಮೆಥಡ್ಸ್-ಟೈಮ್ ಮೆಷರ್‌ಮೆಂಟ್) ಅನ್ನೋ ಪದ್ಧತಿ ಪ್ರಕಟ ಆಯ್ತು. ಕೈ ಚಾಚೋಕೆ ಇಷ್ಟು, ಹಿಡಿಯೋಕೆ ಇಷ್ಟು ಅಂತ ಮೊದಲೇ ಟೇಬಲ್ ಮಾಡಿಟ್ಟಿರ್ತಾರೆ, ಅಲ್ಲಿ ಒಂದು ಘಟಕ ಅಂದ್ರೆ 0.036 ಸೆಕೆಂಡ್. ವಾಚೂ ಬೇಡ, ರೇಟಿಂಗೂ ಬೇಡ. ಆದ್ರೆ ಅಲೋಯನ್ಸ್ ಎಷ್ಟು ಅನ್ನೋದನ್ನ ಅಲ್ಲೂ ಯಾರೋ ಒಬ್ರು ತೀರ್ಮಾನ ಮಾಡ್ಲೇಬೇಕು. ಟೇಬಲ್ ಆ ಮಾತು ಹೇಳಲ್ಲ. ಅಂದ್ರೆ ಟಾರ್ಗೆಟ್‌ನಲ್ಲಿ ಅಳತೆಯ ಭಾಗ ಎಷ್ಟಿದ್ಯೋ ಚೌಕಾಸಿಯ ಭಾಗನೂ ಅಷ್ಟೇ ಇದೆ.

ಜಗಳ ಆಗ್ಲೇ ಒಂದ್ಸಲ ಆಗಿದೆ

1911ರ ಆಗಸ್ಟ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಲಿ ಅಚ್ಚು ಎರೆಯೋ ಕೆಲಸದೋರು, ತಮ್ಮ ಮೇಲೆ ಸ್ಟಾಪ್‌ವಾಚ್ ಹಿಡಿದಿದ್ದಕ್ಕೆ ಕೆಲಸ ಬಿಟ್ಟು ಹೊರಗೆ ನಡೆದ್ರು. ಅಲ್ಲಿನ ಸಂಸತ್ತು ವಿಚಾರಣಾ ಸಮಿತಿ ಮಾಡ್ತು, ಟೇಲರ್ ಅವ್ರೇ ಬಂದು ಸಾಕ್ಷಿ ಹೇಳ್ಬೇಕಾಯ್ತು. ಕೊನೆಗೆ 1915ರಲ್ಲಿ ಸೇನಾ ಬಜೆಟ್ ಮಸೂದೆಗೆ ಒಂದು ಷರತ್ತು ಸೇರಿಸಿ, ಆ ದುಡ್ಡಲ್ಲಿ ಸ್ಟಾಪ್‌ವಾಚ್ ಅಧ್ಯಯನ ಮಾಡಂಗಿಲ್ಲ ಅಂತ ಕಟ್ಟು ಹಾಕಿದ್ರು. ಆ ತರದ ನಿರ್ಬಂಧ 1949ರ ತನಕ ಉಳ್ಕೊಂಡಿತ್ತು! ಎಐ ಕ್ಯಾಮೆರಾಗೆ ಬರ್ತಿರೋ ಸಿಟ್ಟು ಹೊಸ ಕಾಲದ ಜನ ಸೂಕ್ಷ್ಮ ಆಗಿರೋದ್ರಿಂದ ಬಂದಿದ್ದು ಅನ್ನೋರು ಇದನ್ನೊಮ್ಮೆ ಓದ್ಕೋಬೇಕು.

ಹಾಗಾದ್ರೆ ಕ್ಯಾಮೆರಾ ಬಂದ್ಮೇಲೆ ಬದಲಾಗಿದ್ದೇನು

ಮೊದಲ್ನೇದು, ಹಳೇ ಅಧ್ಯಯನಕ್ಕೆ ಶುರು ಮತ್ತೆ ಕೊನೆ ಇತ್ತು. ಇಂಜಿನಿಯರ್ ಬಂದ್ರು, ಅದೇ ಕೆಲಸನ ಕೆಲವು ಸಲ ನೋಡಿದ್ರು, ಚಾರ್ಟ್ ಹಾಕಿದ್ರು, ಹೋದ್ರು. ಆಮೇಲೆ ಬದಲಾಗಿದ್ದು ಟೇಬಲ್ಲು, ಡಬ್ಬಿ, ಫಿಕ್ಸ್ಚರು. ಕ್ಯಾಮೆರಾ ಅಥವಾ ಸ್ಕ್ಯಾನರ್ ಹೋಗೋದೇ ಇಲ್ಲ, ಶಿಫ್ಟ್ ಪೂರ್ತಿ, ದಿನಾ, ಎಲ್ಲರ ಮೇಲೂ ಇರುತ್ತೆ. ಎರಡನೇದು, ಹಳೇ ಚಾರ್ಟ್‌ನಲ್ಲಿ ಎಡಗೈ ಬಲಗೈ ಅಂತ ಇರ್ತಿತ್ತು, ಮಾಲೀಕನ ಸ್ಕ್ರೀನ್ ಮೇಲೆ ಲೆಕ್ಕ ತೋರಿಸೋ ಹೊಸ ಡ್ಯಾಶ್‌ಬೋರ್ಡ್‌ನಲ್ಲಿ ಮನುಷ್ಯನ ಐಡಿ ಇರುತ್ತೆ. ಮೂರನೇದೇ ಎಲ್ಲಕ್ಕಿಂತ ದೊಡ್ಡದು: ಕೈ ನಿಂತಿದ್ದು ಕ್ಯಾಮೆರಾಗೆ ಕಾಣುತ್ತೆ, ಯಾಕೆ ನಿಂತಿತು ಅನ್ನೋದು ಕಾಣಲ್ಲ. ಹಿಂದಿನ ಸ್ಟೇಷನ್‌ನಿಂದ ಮಾಲು ಬಂದಿಲ್ವೇನೋ, ಪಕ್ಕದೋರ ಮಿಷನ್ ಜಾಮ್ ಆಗಿ ಸಹಾಯಕ್ಕೆ ಹೋಗಿದ್ರೇನೋ, ಪೀಸ್‌ನಲ್ಲಿ ದೋಷ ಕಂಡು ತಿರುಗಿಸಿ ನೋಡ್ತಿದ್ರೇನೋ. ಸ್ಕ್ರೀನ್ ಮೇಲೆ ಎಲ್ಲಾನೂ "ಐಡಲ್" (ಸುಮ್ನಿದ್ದಾರೆ) ಅಂತಾನೇ ಬರುತ್ತೆ.

ಫ್ರಾನ್ಸ್‌ನ ಡೇಟಾ ಸಂರಕ್ಷಣಾ ಸಂಸ್ಥೆ ಸಿಎನ್ಐಎಲ್ ಹಿಡ್ಕೊಂಡಿದ್ದು ಇದನ್ನೇ. 2024ರ ಜನವರಿಲಿ ಹೊರಬಂದ ತೀರ್ಪಲ್ಲಿ ಅಮೆಜಾನ್‌ನ ಅಲ್ಲಿನ ಗೋದಾಮು ಕಂಪನಿಗೆ 3.2 ಕೋಟಿ ಯೂರೋ ದಂಡ ಹಾಕ್ತು. ಕೈಲಿರೋ ಸ್ಕ್ಯಾನರ್‌ಗಳು ಮೂರು ತರದ ಸೂಚಕ ಕೊಡ್ತಿದ್ವು: ಒಂದು ವಸ್ತು ಸ್ಕ್ಯಾನ್ ಮಾಡಿ 1.25 ಸೆಕೆಂಡ್ ಒಳಗೇ ಇನ್ನೊಂದು ಮಾಡಿದ್ರೆ "ತಪ್ಪಾಗಿರ್ಬಹುದು, ಅವಸರ ಜಾಸ್ತಿ" ಅಂತ ಒಂದು, ಸ್ಕ್ಯಾನರ್ ಹತ್ತು ನಿಮಿಷ ಅಥವಾ ಅದಕ್ಕಿಂತ ಜಾಸ್ತಿ ಸುಮ್ನಿದ್ರೆ ಒಂದು, ಒಂದರಿಂದ ಹತ್ತು ನಿಮಿಷದೊಳಗಿನ ಬಿಡುವಿಗೆ ಇನ್ನೊಂದು. ಬೇಗ ಮಾಡಿದ್ರೂ ಗುರುತು, ತಡ ಮಾಡಿದ್ರೂ ಗುರುತು. ಪ್ರತಿ ಸಣ್ಣ ಬಿಡುವಿಗೂ ಸಮಜಾಯಿಷಿ ಕೊಡ್ಬೇಕಾದ ಪರಿಸ್ಥಿತಿ ಬರುತ್ತೆ, ಇದು ಅತಿಯಾಯ್ತು ಅಂತ ಸಂಸ್ಥೆ ಹೇಳ್ತು. ಕಂಪನಿ ಒಪ್ಪಲಿಲ್ಲ, ಸುರಕ್ಷತೆಗೆ, ಗುಣಮಟ್ಟಕ್ಕೆ ಇಂಥ ವ್ಯವಸ್ಥೆ ಬೇಕೇ ಬೇಕು ಅಂತು. ಗಮನಿಸಿ, ಅಳತೆ ಮಾಡಿದ್ದೇ ತಪ್ಪು ಅಂತ ಸಿಎನ್ಐಎಲ್ ಹೇಳಿಲ್ಲ, ಇಷ್ಟು ಸೂಕ್ಷ್ಮವಾಗಿ, ಹೆಸರಿಗೆ ಅಂಟಿಸಿ, ಇಷ್ಟು ದಿನ ಇಟ್ಕೊಂಡಿದ್ದು ತಪ್ಪು ಅಂದಿದ್ದು.

ಅಮೆರಿಕದ ಕ್ಯಾಲಿಫೋರ್ನಿಯಾ ಬೇರೆ ಕಡೆಯಿಂದ ಹೊರಟಿತು. 2022ರಿಂದ ಜಾರಿಲಿರೋ ಅಲ್ಲಿನ ಗೋದಾಮು ಕಾಯ್ದೆ ಪ್ರಕಾರ ಕೋಟಾ (ಇಷ್ಟೊತ್ತಲ್ಲಿ ಇಷ್ಟು ಮಾಡ್ಲೇಬೇಕು ಅನ್ನೋ ಗುರಿ) ಏನು ಅಂತ ಕೆಲಸಗಾರರಿಗೆ ಬರವಣಿಗೇಲಿ ಕೊಡ್ಬೇಕು, ಊಟ, ವಿಶ್ರಾಂತಿ, ಶೌಚಕ್ಕೆ ಅಡ್ಡ ಬರೋ ಕೋಟಾ ಇಡಂಗಿಲ್ಲ, ಕೇಳಿದ್ರೆ ಅವ್ರ ಸ್ವಂತ ವೇಗದ ದಾಖಲೆ ಕೊಡ್ಬೇಕು. ಇದರಡಿ 2024ರ ಜೂನ್‌ನಲ್ಲಿ ಅದೇ ಅಮೆಜಾನ್‌ನ ಎರಡು ಗೋದಾಮುಗಳಿಗೆ ಸುಮಾರು 59 ಲಕ್ಷ ಡಾಲರ್ ದಂಡ ಬಿತ್ತು. ನಮ್ಮಲ್ಲಿ ನಿಗದಿತ ಕೋಟಾನೇ ಇಲ್ಲ, ಸಹೋದ್ಯೋಗಿಗಳ ಜೊತೆ ಹೋಲಿಸಿ ನೋಡ್ತೀವಿ ಅಷ್ಟೇ ಅನ್ನೋದು ಕಂಪನಿ ವಾದ. ಅಧಿಕಾರಿಗಳು ಹೇಳಿದ್ದು, ಕಾಯ್ದೆ ತಡೆಯೋಕೆ ಹೊರಟಿದ್ದೇ ಇಂಥ ಬಾಯಿಬಿಟ್ಟು ಹೇಳದ ಕೋಟಾನ ಅಂತ.

ಎರಡೂ ಕಡೆ ಮಾತು

ಮಾಲೀಕರ ಕಡೆಯೋರು ಹೇಳೋದ್ರಲ್ಲಿ ಹುರುಳಿಲ್ಲ ಅನ್ನಂಗಿಲ್ಲ. ಅಳತೆ ಇಲ್ದಿದ್ರೆ ಲೈನ್‌ನಲ್ಲಿ ಮಾಲು ಎಲ್ಲಿ ಕಟ್ಕೊಳ್ತಿದೆ ಗೊತ್ತಾಗಲ್ಲ, ಡೆಲಿವರಿ ದಿನಾಂಕ ಕೊಡೋಕಾಗಲ್ಲ, ಇನ್ಸೆಂಟಿವ್ ಹಂಚೋದು ಸೂಪರ್‌ವೈಸರ್‌ಗೆ ಬೇಕಾದೋರಿಗೆ ಅನ್ನೋ ಹಾಗಾಗುತ್ತೆ. ಕ್ಯಾಮೆರಾಗೆ ಆ ಜಾತಿ ಈ ಗುಂಪು ಅನ್ನೋ ಪಕ್ಷಪಾತ ಇಲ್ಲ ಅಂತಾನೂ ಹೇಳ್ತಾರೆ. ಬಗ್ಗೋದು, ತಿರುಚ್ಕೊಳ್ಳೋದು, ಭುಜದ ಮೇಲೆ ಕೈ ಎತ್ತೋದು ಇದನ್ನೆಲ್ಲ ಕ್ಯಾಮೆರಾ ಲೆಕ್ಕ ಇಟ್ರೆ ಸೊಂಟನೋವು ಬರೋ ಮುಂಚೇನೇ ಕೆಲಸದ ಜಾಗ ಸರಿ ಮಾಡ್ಬಹುದು ಅನ್ನೋದು ಅವ್ರ ಅತ್ಯಂತ ಗಟ್ಟಿ ವಾದ, ಇದು ನಿಜ ಕೂಡ.

ಕಾರ್ಮಿಕ ಸಂಘಟನೆಗಳು ಕೇಳೋದು, ಸರಿ, ಭುಜದ ಲೆಕ್ಕಕ್ಕೆ ಹೆಸರು ಯಾಕೆ ಬೇಕು? ಕೆಲಸದ ಜಾಗ ಕೆಟ್ಟದಿದೆ ಅಂತ ಗೊತ್ತಾಗೋಕೆ ಅಲ್ಲಿ ನಿಂತಿರೋರು ಯಾರು ಅನ್ನೋದು ಬೇಕಿಲ್ಲ. ಸುರಕ್ಷತೆ ಅಂತ ಹಾಕಿದ ಕ್ಯಾಮೆರಾದ ಡೇಟಾ ನಾಳೆ ಶಿಸ್ತುಕ್ರಮದ ಫೈಲ್‌ಗೆ ಹೋಗಲ್ಲ ಅಂತ ಗ್ಯಾರಂಟಿ ಯಾರು ಕೊಡ್ತಾರೆ? ಈ ಪ್ರಶ್ನೆಗೆ ಸಾಫ್ಟ್‌ವೇರ್ ಮಾರೋರಿಂದ ನೇರ ಉತ್ತರ ಸಿಗೋದು ಅಪರೂಪ, ಯಾಕಂದ್ರೆ ಕೊಳ್ಳೋರಿಗೆ ಆಸೆ ಹುಟ್ಸೋ ಡ್ಯಾಶ್‌ಬೋರ್ಡ್ ಅಂದ್ರೆ ಹೆಸರಿರೋದೇ.

ವಾಚ್ ಕೆಲಸಗಾರರ ಕೈಗೇ ಕೊಟ್ಟಾಗ

ಇದು ಬರೀ ಒಳ್ಳೇತನದ ಮಾತಲ್ಲ, ನಡೆದ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತು, ಗಲಾಟೆ, ಗೈರುಹಾಜರಿಗೆ ಕುಖ್ಯಾತಿ ಪಡೆದಿದ್ದ ಜಾಗ. 1984ರಲ್ಲಿ ಟೊಯೋಟಾ ಜೊತೆ ಸೇರಿ ನುಮ್ಮಿ ಅಂತ ಮತ್ತೆ ತೆರೆದ್ರು, ತಗೊಂಡಿದ್ದು ಹೆಚ್ಚಾಗಿ ಹಳೇ ಕಾರ್ಮಿಕರನ್ನೇ, ಯೂನಿಯನ್ ಕೂಡ ಅದೇ. ಅಲ್ಲಿ ಟೈಮ್ ಸ್ಟಡಿ ನಿಲ್ಲಲಿಲ್ಲ, ಇನ್ನೂ ಜಾಸ್ತಿನೇ ಆಯ್ತು. ಆದ್ರೆ ಸ್ಟಾಪ್‌ವಾಚ್ ಹಿಡಿದೋರು ತಂಡದ ಕಾರ್ಮಿಕರೇ, ಒಬ್ರ ಕೆಲಸ ಇನ್ನೊಬ್ರು ನೋಡಿ, ಯಾವುದು ಸುಲಭ, ಯಾವುದು ಸುರಕ್ಷಿತ ಅಂತ ಮಾತಾಡಿ, ಪದ್ಧತಿನ ತಾವೇ ಬರೆದ್ರು. ಗೈರುಹಾಜರಿ ಶೇ 20ರ ಆಸುಪಾಸಿಂದ ಶೇ 3–4ಕ್ಕೆ ಇಳೀತು. ಇದನ್ನ ಅಧ್ಯಯನ ಮಾಡಿದ ಪಾಲ್ ಆಡ್ಲರ್ 1993ರಲ್ಲಿ ವಿವರವಾಗಿ ಬರೆದಿದ್ದಾರೆ.

ಆದ್ರೆ ಇದನ್ನ ಹೇಳೋರು ಸಾಮಾನ್ಯವಾಗಿ ಬಿಟ್ಟುಬಿಡೋ ಒಂದು ವಿಷಯ ಇದೆ. ಅಲ್ಲಿ ಕೆಲಸದಿಂದ ತೆಗೆಯಲ್ಲ ಅನ್ನೋ ಭರವಸೆ ಒಪ್ಪಂದದಲ್ಲಿತ್ತು, ಎಂಬತ್ತರ ದಶಕದ ಕೊನೆಗೆ ಮಾರಾಟ ಬಿದ್ದು ಉತ್ಪಾದನೆ ತಗ್ಗಿದಾಗಲೂ ಜನರನ್ನ ತೆಗೀದೆ ತರಬೇತಿಗೆ ಹಾಕಿದ್ರು. ತಾನು ಉಳಿಸಿದ ಹತ್ತು ಸೆಕೆಂಡ್ ನಾಳೆ ತನ್ನ ಪಕ್ಕದೋರ ಕೆಲಸ ಕಿತ್ಕೊಳ್ಳಲ್ಲ ಅಂತ ಗೊತ್ತಿದ್ರೆ ಮಾತ್ರ ಯಾರಾದ್ರೂ ಆ ಹತ್ತು ಸೆಕೆಂಡ್ ತೋರಿಸ್ತಾರೆ.

ಮುಂದೆ ಏನಾಗ್ಬಹುದು

ಹೆಸರಿಗೆ ಅಂಟಿಸಿದ ಅಳತೆ ಹರಡಿದ್ರೆ ಮೊದಲು ಕೆಡೋದು ಅಳತೆನೇ. ಇವತ್ತು 800 ಮಾಡಿದ್ರೆ ನಾಳೆ ಟಾರ್ಗೆಟ್ 800 ಆಗುತ್ತೆ ಅಂತ ಗೊತ್ತಾದ ಮೇಲೆ ಎಲ್ಲರೂ 760ಕ್ಕೆ ನಿಲ್ತಾರೆ. ಟೇಲರ್ ಕಾಲದಲ್ಲೂ ಹೀಗೇ ಆಗ್ತಿತ್ತು, ಅದನ್ನ ಮುರಿಯೋಕೆ ಅಂತಾನೇ ಅವ್ರು ವಾಚ್ ತಂದಿದ್ದು. ಕ್ಯಾಮೆರಾ ಮುಂದೆ ಕೈ ಆಡಿಸ್ತಾ ಇರೋದು, ಅನುಭವಸ್ಥರಿಗೆ ಗೊತ್ತಿರೋ ಸುಲಭದ ಉಪಾಯ ಬಚ್ಚಿಡೋದು, ಪಕ್ಕದೋರಿಗೆ ಸಹಾಯ ಮಾಡೋದು ಬಿಡೋದು, ಇವೆಲ್ಲ ಶುರುವಾಗುತ್ತೆ, ಡ್ಯಾಶ್‌ಬೋರ್ಡ್‌ನಲ್ಲಿ ಮಾತ್ರ ಎಲ್ಲ ಹಸಿರಾಗಿ ಕಾಣುತ್ತೆ.

ಎರಡನೇದು ಮೈಗೆ ಬೀಳೋ ಪೆಟ್ಟು. ಒಂದು ಚಲನೆಗೂ ಇನ್ನೊಂದಕ್ಕೂ ಮಧ್ಯ ಇರೋ ಅರೆಕ್ಷಣದ ಬಿಡುವು ಚಾರ್ಟ್‌ನಲ್ಲಿ ದಂಡ ಅಂತ ಕಾಣುತ್ತೆ, ಆದ್ರೆ ಸ್ನಾಯುಗೆ ಅದೇ ವಿಶ್ರಾಂತಿ. ಅದನ್ನೂ ಹಿಂಡಿ ತೆಗೆದು ಅದೇ ಚಲನೆನ ಇನ್ನಷ್ಟು ಸಲ ಮಾಡ್ಸಿದ್ರೆ ಮಣಿಕಟ್ಟು, ಭುಜ, ಸೊಂಟ ಕೇಳ್ತವೆ. ಆಗೋ ಖರ್ಚು ಪ್ರೊಡಕ್ಷನ್ ಲೆಕ್ಕದಲ್ಲಿ ಬರಲ್ಲ, ಆಸ್ಪತ್ರೆ ಬಿಲ್ಲಲ್ಲಿ ಬರುತ್ತೆ, ಅದೂ ಬೇರೆಯೋರ ಹೆಸರಲ್ಲಿ.

ಕಾನೂನಿನ ಕಡೆ ನೋಡಿದ್ರೆ, ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆ ಕೆಲಸದ ಜಾಗದಲ್ಲಿ ಮುಖ ನೋಡಿ ಭಾವನೆ ಊಹಿಸೋ ವ್ಯವಸ್ಥೆಗಳನ್ನ, ವೈದ್ಯಕೀಯ ಮತ್ತೆ ಸುರಕ್ಷತೆ ಕಾರಣ ಬಿಟ್ರೆ, 2025ರ ಫೆಬ್ರವರಿಯಿಂದಲೇ ನಿಷೇಧಿಸಿದೆ. ಕೆಲಸಗಾರರ ಸಾಧನೆ ಅಳೆಯೋ, ನಿಗಾ ಇಡೋ ಎಐನ "ಹೆಚ್ಚು ಅಪಾಯ"ದ ಪಟ್ಟಿಗೆ ಹಾಕಿದೆ, ಅಂದ್ರೆ ನಿಷೇಧ ಅಲ್ಲ, ಆದ್ರೆ ಮನುಷ್ಯರ ಮೇಲ್ವಿಚಾರಣೆ ಇರ್ಬೇಕು, ಕೆಲಸಗಾರರಿಗೆ ಮೊದಲೇ ತಿಳಿಸ್ಬೇಕು. ಬೇರೆ ಕಡೆಗಳಲ್ಲಿ ಹೆಚ್ಚಾಗಿ ನಿಯಮ ಬರ್ತಿರೋದು ಕೋಟಾ ಬಗ್ಗೆ, ಚಲನೆಯ ಡೇಟಾ ಬಗ್ಗೆ ಅಲ್ಲ.

ಈ ಅಂತರ ಈಗ ಹೊಸ ಕಡೆಯಿಂದ ಬಿಸಿ ಮುಟ್ಟಿಸ್ತಿದೆ. ತಲೆಗೆ ಕ್ಯಾಮೆರಾ ಕಟ್ಕೊಂಡು ಬಟ್ಟೆ ಮಡಿಸೋದು, ಸಾಮಾನು ಜೋಡಿಸೋದು ರೆಕಾರ್ಡ್ ಮಾಡಿಸಿ ಆ ವಿಡಿಯೋದಿಂದ ರೋಬೋಟ್‌ಗಳಿಗೆ ಕಲಿಸೋ ಕೆಲಸ ಜೋರಾಗಿದೆ. ಹುಡುಕು, ಹಿಡಿ, ಸಾಗಿಸು, ಜೋಡಿಸು ಅಂತ ಗಿಲ್ಬ್ರೆತ್‌ಗಳು ಫಿಲ್ಮ್ ನೋಡಿ ಬಿಡಿಸಿದ್ದನ್ನೇ ಈಗ ಎಐ ಮಾಡೆಲ್ ಬಿಡಿಸ್ಕೊಳ್ಳುತ್ತೆ. ವ್ಯತ್ಯಾಸ ಏನಂದ್ರೆ ಅವ್ರ ಚಾರ್ಟ್ ವಾಪಸ್ ಬರ್ತಿದ್ದಿದ್ದು ಅದೇ ಟೇಬಲ್‌ಗೆ, ಇದು ಹೋಗೋದು ಬೇರೆ ಕಂಪನಿ ಸರ್ವರ್‌ಗೆ. ಸಂಬಳ ಕೊಟ್ಟಿದ್ದು ಕೆಲಸಕ್ಕೆ, ರೆಕಾರ್ಡಿಂಗ್‌ಗೆ ಅಲ್ಲ. ಹಾಗಾಗಿ ಆ ದಿನದ ಕೆಲಸ ಮುಗಿದ ಮೇಲೂ ದುಡೀತಾ ಇರೋ ಆ ಡೇಟಾಗೆ ಯಾರು ಯಾರಿಗೆ ಎಷ್ಟು ಕೊಡ್ಬೇಕು, ಬೇಡ ಅನ್ನೋ ಹಕ್ಕು ಕೆಲಸಗಾರರಿಗೆ ಇದ್ಯಾ ಅನ್ನೋದೇ ಯೂನಿಯನ್‌ಗಳ ಮುಂದಿನ ಚೌಕಾಸಿಯ ಸಾಲುಗಳಾಗೋ ಸಾಧ್ಯತೆ ಜಾಸ್ತಿ, ಯೂನಿಯನ್ ಇರೋ ಕಡೆ. ಇಲ್ದಿರೋ ಕಡೆ ಆ ಸಾಲು ಕೆಲಸಕ್ಕೆ ಸೇರೋ ದಿನ ಸಹಿ ಹಾಕ್ಸೋ ಫಾರಂನಲ್ಲೇ, ಸಣ್ಣಕ್ಷರದಲ್ಲಿ ಬರುತ್ತೆ.